ಬಾಲದ ಎರಡು ಎಳಿ

ಹುಲಿ ನೋಡ್ತೇವಿ ಅಂತ ಬಸ್ಸಿನಾಗ ಎಲ್ಲಾರೂ ಕುಣದಾಡಾಕ ಹತ್ತಿದ್ರು. ನಾ ಹುಲಿ ಸಲುವಾಗಿ ಬಂದಾಕಿ ಅಲ್ಲ. ಕಂಡ್ರ ಕಾಣ್ಲಿ, ಬಿಟ್ರ ಬಿಡ್ಲಿ, ನನಗೇನಾಗಬೇಕಾಗೇತಿ? ನನಗ ಬೇಕಾಗಿದ್ದು ಒಂದು ಹಕ್ಕಿ. ಅದೂ ನಮ್ಮ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ ಸಿದ್ದವ್ವನ ಕಣ್ಣಿಗೆ ಬೀಳಬೇಕಾಗಿತ್ತು.

ಯಾಕಂತ ಹೇಳ್ತೇನಿ ಕೇಳ್ರಿ. ನಾ ಚೊಚ್ಚಲ ಬಸರಿ ಇದ್ದಾಗ, ಕುಬಸಕ್ಕ ಅಂತ ನಮ್ಮವ್ವ ಗುರುಲಿಂಗವ್ವ ಹುನಗುಂದದಿಂದ ಚಂದ್ರಕಾಳಿ ಸೀರಿ ತಂದಿದ್ಲು. ಬಸರಿ ಮಗಳಿಗೆ ತವರಿನವರು ಉಡಸೋ ಕರೇ ಇಳಕಲ್ ಸೀರಿ. ಸೆರಗಿನ ತುಂಬ ಆಕಿ ಕೈಯಿಂದನ ಹಾಕಿದ ಕಸೂತಿ. ಗೋಪುರ, ತುಳಸಿಕಟ್ಟಿ ಎಲ್ಲಾರೂ ಹಾಕ್ತಾರ. ಅವ್ವ ಒಂದು ಹಕ್ಕಿನೂ ಹಾಕಿದ್ಲು. ಆಕಿ ಹುಟ್ಟಿದ್ದು ಹಳಿಯಾಳದ ಅಡವಿ ದಂಡಿಗೆ. ಸಣ್ಣಾಕಿ ಇದ್ದಾಗ ನೋಡಿದ ಹಕ್ಕಿ ಅದು. ಬಾಲದಿಂದ ಎರಡು ಉದ್ದನ್ನ ಎಳಿ, ಎಳಿ ತುದಿಗೆ ಒಂದೊಂದು ಗುಂಡಿ. ಅದನ್ನ ತೋರಿಸಾಕ ಅವ್ವ ಎರಡು ದಾರ ಜೋತು ಬಿಟ್ಟು ತುದಿಗೆ ಗಂಟು ಹಾಕಿದ್ಲು.

ಕಸೂತಿಯೊಳಗ ಗಂಟು ಹಾಕಂಗಿಲ್ಲ, ಎಳಿ ಬಿಡಂಗಿಲ್ಲ. ಸಿದ್ದವ್ವ ಸೆರಗು ಹಿಡದು ನೋಡಿದಾಕಿನ, "ಅಯ್ಯ, ಎಳಿ ಬಿಟ್ಟು ಗಂಟು ಹಾಕ್ಯಾರಲ್ಲವಾ!" ಅಂತ ಕತ್ತರಿ ತರಿಸಿ ಕಚಕ್ ಅಂತ ಕತ್ತರಿಸೇ ಬಿಟ್ಲು. ಕುಂತ ಹೆಣ್ಣಮಕ್ಕಳೆಲ್ಲಾ ಕಿಸಕ್ ಅಂತ ನಕ್ರು.

"ಅದು ಹಕ್ಕಿ ಬಾಲ ಐತಿ ತಂಗಿ," ಅಂದ್ಲು ಅವ್ವ.

"ಬಾಲದಾಗ ದಾರ ಇರೋ ಹಕ್ಕಿ ಯಾವ ಲೋಕದಾಗ ಐತಿ, ದೊಡ್ಡವ್ವಾ?"

ಅವತ್ತು ಅವ್ವ ಸೂಜಿ ಇಟ್ಟಾಕಿ ಮತ್ತ ಮುಟ್ಟಲಿಲ್ಲ. ನನ್ನ ಹೊಟ್ಟ್ಯಾಗ ಆ ಸಿಟ್ಟು ಇಪ್ಪತ್ತು ವರ್ಷ ಆರಲಿಲ್ಲ ನೋಡ್ರಿ.

ಎಂಬತ್ತನಾಕರಾಗ ನನ್ನ ಮಗಳು ಬಸರಿ ಆದ್ಲು. ಆಕಿ ಸೀರಿಗೆ ಅವ್ವನ ಕಸೂತಿನ ಬೇಕು ಅಂತ ನಾ ಹಟಾ ಹಿಡದೆ. "ಸಿದ್ದವ್ವನ ಕತ್ತರಿ ಬಾಯಿಗೆ ಇನ್ನೊಮ್ಮೆ ಕೊಡಂಗಿಲ್ಲ," ಅಂದ್ಲು ಅವ್ವ. ಅದ ವ್ಯಾಳ್ಯಾಕ್ಕ ನಮ್ಮ ಓಣಿ ನೇಕಾರ ಮಂದಿ ಬಸ್ ಮಾಡಿ ಮೈಸೂರು, ಊಟಿ ಟೂರ್ ಹೊಂಟ್ರು. ಹಾದ್ಯಾಗ ಬಂಡೀಪುರದ ಅಡವಿ. ಮಂಡಿ ನೋವು ಅಂತಿದ್ದ ಸಿದ್ದವ್ವನ್ನ ಹುಲಿ ಆಸೆ ಹಚ್ಚಿ ನಾನ ಹೊಂಡಿಸಿದೆ. ನಾ ಉಟ್ಟಿದ್ದು ಅದ ಚಂದ್ರಕಾಳಿ.

ಅಡವಿ ವ್ಯಾನ್ ಹತ್ತೋ ಮುಂದ ಗಾರ್ಡನ್ನ ಕೇಳಿದೆ. "ಬಾಲದಾಗ ಎರಡು ಎಳಿ ಇರೋ ಹಕ್ಕಿ ಐತೇನ್ರಿ ಇಲ್ಲೆ?"

"ಭೀಮರಾಜ ಅಂತೀವಿ ಆ ಹಕ್ಕಿಗೆ! ಇದೆಯಮ್ಮ. ಸಿಕ್ಕೇ ಸಿಗುತ್ತೆ ಅನ್ನಕ್ಕಾಗಲ್ಲ. ನೀವೇ ನೋಡಿ ಅದನ್ನ ಕೇಳಿದ್ದು," ಅಂದ.

ಸಿದ್ದವ್ವ ಮಾತ್ರ, "ಕೇಳಿದ್ದಕ್ಕೆಲ್ಲಾ ಹೂಂ ಅಂತಾನ, ಬಿಡ," ಅಂದ್ಲು.

ನಮ್ಮ ಕಡಿ ಕಣ್ಣು ಹಾಯಿಸಿದಷ್ಟು ದೂರ ಕರೇ ಹೊಲ, ಮುಗಲು. ಇಲ್ಲಿ ನಾಕು ಮಾರು ಆಚೆ ಏನೈತಿ ತಿಳೀವಲ್ತು. ಮಂದಿ ಹುಲಿ ಹುಲಿ ಅಂತ ಹುಲ್ಲಿನಾಗ ಕಣ್ಣು ನೆಟ್ಟಿದ್ರು. ನಾ ಗಿಡದ ಮ್ಯಾಲ ನೋಡ್ತಿದ್ದೆ. ಮೊಲದಷ್ಟು ದೊಡ್ಡ ಕೆಂಪನ್ನ ಅಳಿಲು ಟೊಂಗಿಯಿಂದ ಟೊಂಗಿಗೆ ಜಿಗೀತು. ಎರಡು ಗಿಡದ ನಡುವ ಜ್ಯಾಡ ಬಲಿ ನೇದಿತ್ತು. ಹನಿ ಕುಂತು ಒಂದೊಂದು ಎಳಿನೂ ಬ್ಯಾರೆ ಕಾಣ್ತಿತ್ತು. ಮಗ್ಗದ ಮುಂದ ಹುಟ್ಟಿ ಬೆಳೆದಾಕಿ ನಾ, ಅಂಥಾ ನೇಯ್ಗಿ ನೋಡಿರಲಿಲ್ಲ. ಭಾಳ ಖುಷಿ ಆತು. ಖರೆ ಹಕ್ಕಿ ಇಲ್ಲ. ವ್ಯಾನ್ ತಿರುಗಿ ಹೊಂಟಿತ್ತು. ಅವ್ವನ ಮುಂದ ಏನಂತ ಹೇಳ್ಲಿ?

ಆಗ ಬಲಕ್ಕ, ಒಣಾ ಟೊಂಗಿ ಮ್ಯಾಲ ಕರೇ ಹಕ್ಕಿ ಬಂದು ಕುಂತು. ಬಾಲದ ಕೆಳಗ ಎರಡು ಎಳಿ, ತುದಿಗೆ ಗುಂಡಿ, ಗಾಳಿಗೆ ತೂಗ್ತಿದ್ದುವು.

"ಯಕ್ಕಾ, ನೋಡು!" ಅನ್ನೂದಕ್ಕೂ ಎಡಕ್ಕ "ಹುಲಿ! ಹುಲಿ!" ಅಂತ ಒದರೂದಕ್ಕೂ ಸರೀ ಹೋತು. ವ್ಯಾನಿನ ಮಂದಿಯೆಲ್ಲಾ ಎಡಕ್ಕ ಮುಕರಿದ್ರು. ಸಿದ್ದವ್ವನೂ ಎದ್ಲು. ನಾ ಆಕಿ ರಟ್ಟಿ ಹಿಡದು ಜಗ್ಗಿ ಕುಂದರಿಸಿ, ಗದ್ದಕ್ಕ ಕೈ ಹಚ್ಚಿ ಮಾರಿ ಬಲಕ್ಕ ತಿರುವಿದೆ.

"ಬಿಡ ನಮ್ಮವ್ವಾ, ಹುಲಿ ಹೋಕ್ಕೈತಿ!"

"ಹೋಗ್ಲಿ! ನೀ ಇದನ್ನ ನೋಡಲಿಲ್ಲಂದ್ರ ನಾ ಬಿಡಾಕಿ ಅಲ್ಲ!"

ನೋಡಿದ್ಲು. ಹಕ್ಕಿ ಹಾರಿತು, ಎಳಿ ಎರಡೂ ಹಿಂದಿಂದ ಹೋದುವು. ಸಿದ್ದವ್ವನ ಬಾಯಿ ತೆರೆದಿದ್ದು ತೆರೆದಂಗ ಇತ್ತು. ಆಮ್ಯಾಲೆ ಆಕಿ ಕೈ ನನ್ನ ಸೆರಗಿಗೆ ಬಂತು, ಬಾಲ ಕತ್ತರಿಸಿದ ಜಾಗಾ ಸವರಿತು. ಅಷ್ಟೊತ್ತಿಗೆ ಹುಲಿ ಪೊದಿಯೊಳಗ ಹೋಗಿತ್ತು. ಊಟಿ ಮುಟ್ಟೂತನಕ ಬೈದ್ಲು ನೋಡ್ರಿ ನನ್ನ! ಬೈಲಿ ಬಿಡು ಅಂದ್ಕೊಂಡೆ.

ತಿರುಗಿ ಬರೋ ಮುಂದ ಹುನಗುಂದ ಬಂತು. ಸಿದ್ದವ್ವ ತಾನ ಎದ್ದು ಬಸ್ ನಿಂದರಿಸಿದ್ಲು, ಅವ್ವನ ಮನಿಗೆ ನನಕಿಂತ ಮುಂದ ನಡದ್ಲು.

"ದೊಡ್ಡವ್ವಾ, ನಾ ಕತ್ತರಿಸಿದ್ದು ಬಾಲನ ಐತಿ. ಕಣ್ಣಾರೆ ಕಂಡೆ. ತಪ್ಪಾತು."

ಅವ್ವ, "ಎಷ್ಟು ಉದ್ದ ಇತ್ತು?" ಅಂತ ಕೇಳಿದ್ಲು.

ಸಿದ್ದವ್ವ ಮೊಳಕೈಯಿಂದ ಬೆರಳಿನತನಕ ತೋರಿಸಿದ್ಲು. ಅವ್ವ ನನ್ನ ಚಂದ್ರಕಾಳಿ ಸೆರಗು ಜಗ್ಗಿ, ಬಾಲ ಇದ್ದ ಜಾಗಾಕ್ಕ ಗೇಣು ಹಾಕಿ ನೋಡಿ, "ಹಂಗಾರ ನಾ ಗಿಡ್ಡ ಹಾಕಿದ್ದೆ ಬಿಡು," ಅಂದ್ಲು. ಎದ್ದು ಸಂದಕದಾಗಿನ ಸೂಜಿ ತಂದು ಸಿದ್ದವ್ವನ ಕೈಯಾಗಿಟ್ಲು. "ಪೋಣಿಸಾಕ ನನಗ ಕಣ್ಣು ಸಾಲಂಗಿಲ್ಲ. ನೀ ಪೋಣಿಸು."

ಸಿದ್ದವ್ವ ಪೋಣಿಸಿದ್ಲು. ಕತ್ತರಿ ಮಗ್ಗಲದಾಗ ಇತ್ತು. ಆಕಿ ದಾರಾನ ಹಲ್ಲಿಲೆ ಕಡದ್ಲು.