ಒಂದೊಂದ ತುತ್ತು ಸಾಕ್ರಿ

ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ ಎಂದು ಹನ್ನೆರಡು ಜನರಿಗೆ ಹೇಳಿದ್ದ ಜಾಕೀರ ತಾನು ಮಾತ್ರ ಆರಕ್ಕೇ ಕೊಪ್ಪಳದ ಕೋಟೆಯ ಬುಡಕ್ಕೆ ಬಂದು ನಿಂತಿದ್ದ. ಕೈಯಲ್ಲಿ ನೂರು ಹಾಳೆಯ ನೋಟ್‌ಬುಕ್ಕು. ಪುಸ್ತಕ ನೋಡಿ ಖಚಿತ ಮಾಡಿಕೊಂಡ ಸಂಗತಿಗಳನ್ನು ಅದರಲ್ಲಿ ನೀಲಿ ಶಾಯಿಯಿಂದ ಬರೆದಿದ್ದ, ಊರವರು ಹೇಳಿದ್ದನ್ನು ಕೆಂಪು ಶಾಯಿಯಿಂದ. ನಡಿಗೆ ಶುರುವಾಗಿ ಎಂಟು ವಾರವಾಗಿತ್ತು. ನೀಲಿಯಲ್ಲಿದ್ದ ಎಷ್ಟೋ ಸಾಲುಗಳ ಮೇಲೆ ಅವನಿಗೇ ಅನುಮಾನ ಬಂದು, ಅವನ್ನೂ ಕೆಂಪಿನಲ್ಲಿ ಬರೆದಿದ್ದ; ಈಗ ನೋಟ್‌ಬುಕ್ಕಿನ ತುಂಬ ಕೆಂಪೇ ಕಾಣುತ್ತಿತ್ತು.

ವಾರದ ಉಳಿದ ದಿನ ಅವನದು ಕೋರ್ಟಿನ ಎದುರಿನ ಝರಾಕ್ಸ್ ಅಂಗಡಿಯ ಕೆಲಸ. ಆ ಕೆಲಸ ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ಮೂರು ವರ್ಷ ಕೂತು ಇತಿಹಾಸದಲ್ಲಿ ಬಿ.ಎ. ಮಾಡಿಕೊಂಡಿದ್ದ. ‘ಊರು ನೋಡ್ರಿ, ಊಟ ನೋಡ್ರಿ’ ಅಂತ ಒಂದು ಚೀಟಿ ಅಚ್ಚು ಹಾಕಿಸಿ ಭಾನುವಾರದ ನಡಿಗೆ ಶುರು ಮಾಡಿದಾಗ ಜನ ಬರುತ್ತಾರೆಂಬ ನಂಬಿಕೆ ಅವನಿಗಿರಲಿಲ್ಲ. ಜನ ಬಂದರು. ಆಮೇಲೆ ಅವನ ಚಿಂತೆ ಇನ್ನೂ ಹೆಚ್ಚಾಯಿತು.

ಇವತ್ತಿನ ಚಿಂತೆ ಕೋಟೆಯದಲ್ಲ, ಊಟದ್ದು.

ನಡಿಗೆಯಲ್ಲಿ ತಿನ್ನುವ ಜಾಗ ಮೂರು. ಕೋಟೆ ಇಳಿದ ಮೇಲೆ ಕಳಕಪ್ಪನ ಬಂಡಿಯಲ್ಲಿ ಒಗ್ಗರಣೆ ಮಂಡಾಳ, ಅಂದರೆ ಮಂಡಕ್ಕಿ, ಜೊತೆಗೆ ಒಂದು ಮಿರ್ಚಿ ಭಜಿ. ಆಮೇಲೆ ಜಾಕೀರನ ಚಿಕ್ಕಮ್ಮ ಬಾನುಬೀ ಖಾಲಾನ ಮನೆಯಲ್ಲಿ ಚೊಂಗೆ. ಕೊನೆಗೆ ಶಂಕ್ರಮ್ಮನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಎಲ್ಲ ಕಡೆಯೂ ರುಚಿ ನೋಡುವಷ್ಟು ಮಾತ್ರ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಳಕಪ್ಪ ಅದನ್ನು ಓದಿ ಆಯ್ತೆಂದು ತಲೆ ಅಲ್ಲಾಡಿಸಿದ್ದ. ಬಾನುಬೀ ಓದಿ ನಕ್ಕಿದ್ದಳು.

“ರುಚಿ ನೋಡೂದಂದ್ರೇನೋ ಬೇಟಾ? ಹೊಸ್ತಿಲ ದಾಟಿ ಒಳಗ ಬಂದೋರಿಗೆ ಗುಬ್ಬಿಗೆ ಹಾಕಿದಂಗ ಹಾಕಲಿ?”

ಮೊದಲ ವಾರ ಚೊಂಗೆ, ಚಹಾ ಅಷ್ಟೇ ಇತ್ತು. ಚೊಂಗೆ ಮೊಹರಂನಲ್ಲಿ, ಊರವರ ಬಾಯಲ್ಲಿ ಅಲಾಯಿ ಹಬ್ಬದಲ್ಲಿ, ಮಾಡುವ ಸಿಹಿ. ಗೋಧಿ ಹಿಟ್ಟಿಗೆ ಬೆಲ್ಲ ಕಲಸಿ, ಹೂಬಳ್ಳಿ ಕೆತ್ತಿದ ಮರದ ಮಣೆಯ ಮೇಲೆ ಒತ್ತಿ, ಎಣ್ಣೆಯಲ್ಲಿ ಬಿಡಬೇಕು. ಜಾಕೀರ ಕೇಳಿದನೆಂದು ಖಾಲಾ ಪ್ರತಿ ಭಾನುವಾರ ಅತ್ತೆಯ ಕಾಲದ ಆ ಮಣೆಯನ್ನು ಇಳಿಸುತ್ತಿದ್ದಳು. ಎರಡನೇ ವಾರ ಅದರ ಜೊತೆಗೆ ಉಪ್ಪಿಟ್ಟು ಬಂತು. ಮೂರನೇ ವಾರ ಮಸಾಲೆ ಅನ್ನದ ಖುಷ್ಕಾ, ಅದಕ್ಕೆ ಬೇಳೆಯ ಸೋರೆಕಾಯಿ ದಾಲ್ಚಾ. ಬೆಳಗಿನ ಒಂಬತ್ತೂವರೆಗೆ! ಬೇಡ ಅಂದವರ ತಾಟಿಗೆ ಅವಳು ಮತ್ತೊಂದು ಸೌಟು ಹಾಕುತ್ತಿದ್ದಳು. ಬಂದವರು ಬೆಲ್ಟು ಸಡಿಲ ಮಾಡಿಕೊಂಡು, ನಗುತ್ತ, ಉಸ್ಸೆನ್ನುತ್ತ ಶಂಕ್ರಮ್ಮನ ಖಾನಾವಳಿಗೆ ಬರುತ್ತಿದ್ದರು. ಅಲ್ಲಿ ಅವರಿಗೆ ಅರ್ಧ ರೊಟ್ಟಿಯೂ ಇಳಿಯುತ್ತಿರಲಿಲ್ಲ.

ತಾಟುಗಳನ್ನು ತೊಳೆಯುವವರು ಶಂಕ್ರಮ್ಮ. ಹೋದ ಭಾನುವಾರ ಅವರು ಜಾಕೀರನನ್ನು ಒಳಗೆ ಕರೆದು ಒಂದು ತಾಟು ತೋರಿಸಿದ್ದರು.

“ನೋಡಿಲ್ಲಿ. ರೊಟ್ಟಿ ಮಡಚಿ ಪಲ್ಯದ ಕೆಳಗ ಮುಚ್ಚಿಟ್ಟು ಹೋಗ್ಯಾರ. ಭಾಳ ಮರ್ಯಾದಿ ಮಂದಿ. ನನಗ ಗೊತ್ತಾಗಬಾರದಂತ ಮುಚ್ಯಾರ.”

“ಅವ್ವಾರ, ಅದು ಹಂಗಲ್ರಿ…”

“ಮೂವತ್ತು ವರ್ಷದಾಗ ನನ್ನ ತಾಟು ಹಿಂಗ ಬಂದಿದ್ದಿಲ್ಲ, ತಮ್ಮಾ. ನನ್ನ ಕೈ ಹೋಗೈತಿ. ವಯಸ್ಸಾದ್ರ ಉಪ್ಪಿನ ಅಳತಿ ಹೋಗತೈತಂತ, ನಮ್ಮತ್ತಿಗೂ ಹೋಗಿತ್ತು. ಇನ್ನೊಂದು ವಾರ ನೋಡ್ತೀನಿ. ಬರೂ ವಾರನೂ ಹಿಂಗ ಆದ್ರ ನಿನ್ನ ಮಂದೀನ ನನ್ನ ಬಾಗಿಲಿಗೆ ಕರಕೊಂಡು ಬರಬ್ಯಾಡ.”

ನಿಮ್ಮ ಕೈ ಹೋಗಿಲ್ಲ, ನಮ್ಮ ಖಾಲಾ ಹೊಟ್ಟೆ ತುಂಬಿಸಿ ಕಳಿಸುತ್ತಾಳೆ ಎಂದು ಆಗಲೇ ಹೇಳಬಹುದಿತ್ತು. ಹೇಳಿದರೆ ಖಾಲಾನ ಮೇಲೆ ಚಾಡಿ ಹೇಳಿದಂತಾಗುತ್ತದೆ ಎಂದು ‘ಆತ್ರಿ’ ಅಂದು ಹೊರಗೆ ಬಂದಿದ್ದ. ಖಾಲಾನಿಗೆ ಕಡಿಮೆ ಬಡಿಸು ಎನ್ನಲು ಎರಡು ಸಲ ಹೋಗಿ, ಎರಡು ಸಲವೂ ಚಹಾ ಕುಡಿದು ವಾಪಸ್ಸು ಬಂದಿದ್ದ.

ಈ ನಡಿಗೆಯನ್ನು ಅವನು ಕಟ್ಟಿದ್ದೇ ಶಂಕ್ರಮ್ಮನ ಖಾನಾವಳಿಗೆ ನಾಲ್ಕು ಜನ ಹೊಸಬರು ಬರಲಿ ಎಂದು. ಸಂಜೆ ಕಾಲೇಜಿನ ಮೂರು ವರ್ಷ ಅವನು ಉಂಡದ್ದು ಅಲ್ಲೇ. ತರಗತಿ ಮುಗಿಸಿ ಬರುವವರಿಗೆಂದು ಅವರು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿ ಇಡುತ್ತಿದ್ದರು. ಪರೀಕ್ಷೆಯ ದಿನ ಒಂದು ಬಟ್ಟಲು ಮೊಸರು ಜಾಸ್ತಿ. ಅದನ್ನೆಲ್ಲ ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗೂ ಇರಲಿಲ್ಲ, ಅವರಿಗೂ ಇರಲಿಲ್ಲ.

ಏಳಕ್ಕೆ ಜನ ಬಂದರು. ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಪ್ರಭುರಾಜ ಅವರಲ್ಲಿ ಎಲ್ಲರಿಗಿಂತ ದೊಡ್ಡ ಆಳು, ದೊಡ್ಡ ಬಾಯಿ. ಗಂಗಾವತಿಯಿಂದ ಬಂದ ಮಲ್ಲೇಶ್ವರಿ ಸಾಲಿ ಟೀಚರು. ಜಾಕೀರ ಕೋಟೆಯ ಮೆಟ್ಟಿಲು ಹತ್ತಿಸಿದ, ಬಾಗಿಲು ತೋರಿಸಿದ, ದೂರದಿಂದಲೇ ಗವಿಮಠದ ಬೆಟ್ಟ ತೋರಿಸಿ ಅಶೋಕನ ಶಾಸನದ ಮಾತು ಹೇಳಿದ. ಇಳಿಯುವಾಗ ಒಂದು ಒಣಗಿದ ಬಾವಿ ಸಿಕ್ಕಿತು.

“ಇದನ್ನ ಯಾರು ಕಟ್ಟಿಸಿದ್ರಿ?” ಎಂದ ಪ್ರಭುರಾಜ.

ಜಾಕೀರ ನೋಟ್‌ಬುಕ್ಕು ತೆರೆದ, ಮುಚ್ಚಿದ. “ಗೊತ್ತಿಲ್ರಿ.”

“ಹೌದೇನ್ರಿ! ನಾಲ್ಕನೇ ಸಲ ಗೊತ್ತಿಲ್ಲ ಅಂದ್ರಿ. ಗೈಡ್ ಆದೋರು ಒಂದ್ ರಾಜನ ಹೆಸರರ ಹೇಳಬೇಕಪಾ.”

“ಸುಮ್ನಿರ್ರಿ ನೀವು,” ಎಂದರು ಮಲ್ಲೇಶ್ವರಿ. “ಗೊತ್ತಿಲ್ಲದ್ದು ಗೊತ್ತಿಲ್ಲ ಅಂತಾರ. ಅದಕ್ಕ ಗೊತ್ತೈತಿ ಅಂದದ್ದನ್ನ ನಾನು ನಂಬ್ತೀನಿ.”

ಜಾಕೀರನಿಗೆ ಆ ಮಾತು ಹಿತವಾಗಬೇಕಿತ್ತು. ಆದರೆ ಅವನ ತಲೆಯಲ್ಲಿ ಆಗ ಇದ್ದದ್ದು ಸೋರೆಕಾಯಿ ದಾಲ್ಚಾ.

ಕಳಕಪ್ಪನ ಬಂಡಿಯಲ್ಲಿ ಎಲ್ಲರೂ ಒಂದೊಂದು ಮಿರ್ಚಿ ತಿಂದು ಕಣ್ಣು ಒರೆಸಿಕೊಂಡರು. ಅಲ್ಲಿಂದ ಖಾಲಾನ ಓಣಿ. ಓಣಿಯ ತಿರುವಿನಲ್ಲಿ ಜಾಕೀರ ಎಲ್ಲರನ್ನೂ ನಿಲ್ಲಿಸಿದ. ರಾತ್ರಿಯಿಡೀ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದ.

“ಇಲ್ಲಿ ನಮ್ಮ ಖಾಲಾ ಭಾಳ ಬಡಸ್ತಾಳ್ರಿ. ಪ್ರೀತಿಲೆ ಬಡಸ್ತಾಳ. ಆದ್ರ ಇಲ್ಲಿ ಹೊಟ್ಟಿ ತುಂಬಿಸಿಗೊಂಡ್ರ ಮುಂದ ಖಾನಾವಳಿ ಊಟ ಕೆಡತೈತಿ. ಅಕಿ ಎಷ್ಟ ಅಂದ್ರೂ ಬ್ಯಾಡ ಅನ್ರಿ. ಒಂದೊಂದ ತುತ್ತು ಸಾಕ್ರಿ.”

ಮಲ್ಲೇಶ್ವರಿಯವರ ಕಣ್ಣು ಅವನ ಭುಜದ ಆಚೆ ನೋಡುತ್ತಿತ್ತು. ಜಾಕೀರ ತಿರುಗಿದ. ಹಾಲಿನ ಪಾಕೀಟು ಹಿಡಿದು, ತಲೆಯ ಮೇಲೆ ಸೆರಗು ಹೊದ್ದು, ಬಾನುಬೀ ನಿಂತಿದ್ದಳು. ಹನ್ನೆರಡು ಜನಕ್ಕೆ ಚಹಾದ ಹಾಲು ಸಾಲುವುದಿಲ್ಲವೆಂದು ಅಂಗಡಿಗೆ ಹೋಗಿ ಬರುತ್ತಿದ್ದಳು.

“ಬರ್ರಿ, ಬರ್ರಿ,” ಎಂದಳು, ಅವನನ್ನು ನೋಡದೆ. “ಬಿಸಿಲಾಗ ಯಾಕ ನಿಂತೀರಿ.”

ಒಳಗೆ ಚಾಪೆ ಹಾಸಿತ್ತು. ಒಲೆಯ ಮೇಲೆ ದೊಡ್ಡ ಭಾಂಡೆ ಮುಚ್ಚಿತ್ತು, ದಾಲ್ಚಾದ ಘಮ ಮನೆ ತುಂಬಿತ್ತು. ಎಲ್ಲರೂ ಕೂತರು. ಬಾನುಬೀ ಮೂರು ಚೊಂಗೆ ತೆಗೆದು, ಚಾಕುವಿನಿಂದ ಒಂದೊಂದನ್ನೂ ನಾಲ್ಕು ಮಾಡಿ, ಹನ್ನೆರಡು ಸ್ಟೀಲ್ ತಾಟಿನಲ್ಲಿ ಹನ್ನೆರಡು ತುಂಡು ಇಟ್ಟಳು. ಅಗಲವಾದ ತಾಟಿನ ನಡುವೆ ಹೆಬ್ಬೆರಳಿನಷ್ಟು ಚೊಂಗೆ. ಕೆತ್ತನೆಯ ಹೂವಿನಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಎಸಳು ಬಂದಿತ್ತು.

“ಇನ್ನೊಂದು ಸಿಗತೈತೇನ್ರಿ?” ಎಂದ ಪ್ರಭುರಾಜ. ಅವನಿಗೆ ತಡೆಯಲಾಗಿರಲಿಲ್ಲ.

“ಮುಂದ ಊಟ ಕೆಡತೈತ್ರಿ,” ಎಂದಳು ಬಾನುಬೀ ಮೆತ್ತಗೆ.

ಜಾಕೀರ ಮಣೆಯ ಕೆತ್ತನೆಯ ಬಗ್ಗೆ ಹೇಳಬೇಕಾದ ಮೂರು ಮಾತನ್ನು ಹೇಳಿದ. ಅವನ ದನಿ ಅವನಿಗೇ ಯಾರದೋ ಅನ್ನಿಸಿತು. ಹೊರಡುವಾಗ ಖಾಲಾ ಎಲ್ಲರಿಗೂ ಕೈ ಮುಗಿದಳು. ಅವನಿಗೂ ಮುಗಿದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಖಾನಾವಳಿಗೆ ಹನ್ನೆರಡು ಜನವೂ ಹಸಿದೇ ಬಂದರು. ಶಂಕ್ರಮ್ಮ ಬಿಸಿ ರೊಟ್ಟಿ ಬಡಿಯುತ್ತಲೇ ಹೋದರು. ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ರೊಟ್ಟಿ ಮುರಿಯುವ ಸದ್ದಷ್ಟೇ. ತಾಟುಗಳು ಬೆರಳಿನಿಂದ ಒರೆಸಿದಂತೆ ಖಾಲಿಯಾದವು. ಶಂಕ್ರಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಸಾಲು ನೋಡಿದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಮುಖ ಅರಳಿತ್ತು.

“ನೋಡಿದೇನೋ ಜಾಕೀರಾ! ಇನ್ನ ಐತಿ ಕೈ.”

ಇಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಬೇರೆ ಯಾರಾದರೂ ಸುಮ್ಮನಿರುತ್ತಿದ್ದರು. ಆದರೆ ಜಾಕೀರನಿಗೆ ಕೆಂಪು ಶಾಯಿಯ ಮಾತನ್ನು ನೀಲಿಯಲ್ಲಿ ಬಿಟ್ಟು ಗೊತ್ತಿರಲಿಲ್ಲ. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿಬಿಟ್ಟ. ಇಷ್ಟು ವಾರ ತಾಟು ವಾಪಸ್ಸು ಬಂದದ್ದು ಖಾಲಾನ ಖುಷ್ಕಾದಿಂದ, ಇವತ್ತು ಖಾಲಿಯಾದದ್ದು ತಾನು ಖಾಲಾನ ಮನಸ್ಸು ನೋಯಿಸಿದ್ದರಿಂದ.

ಶಂಕ್ರಮ್ಮ ಕೈಯ ಹಿಟ್ಟು ಉದುರಿಸಿದರು. “ಅಂದ್ರ ಹಸದು ಉಂಡ್ರು.”

“ಅವ್ವಾರ…”

“ಹಸದೋರಿಗೆ ಎಲ್ಲಾ ರುಚಿನ ಬಿಡು. ನನ್ನ ಕೈದೇನ ಐತಿ ಅದರಾಗ.”

ಒಂದೇ ಬೆಳಗಿನಲ್ಲಿ ಇಬ್ಬರನ್ನೂ ನೋಯಿಸಿದೆನಲ್ಲ ಎಂದು ಜಾಕೀರ ಗೋಡೆಗೆ ಒರಗಿದ. ಅಷ್ಟರಲ್ಲಿ ಹೊರಗಿನಿಂದ ಪ್ರಭುರಾಜನ ದನಿ.

“ಅಮ್ಮಾರ, ಇನ್ನೊಂದ ರೊಟ್ಟಿ! ಬದನಿಕಾಯಿನೂ ಬರಲಿ!”

ಶಂಕ್ರಮ್ಮ ಹೋಗಿ ಅವನ ಮುಂದೆ ನಿಂತರು. “ಎಷ್ಟನೇದ್ರಿ ಇದು?”

“ಐದನೇದ್ರಿ. ಯಾಕ್ರಿ, ಲೆಕ್ಕ ಐತೇನು?”

“ಹಸಿವಿ ಇನ್ನ ಹೋಗಿಲ್ಲೇನು?”

“ಹಸಿವಿ ಎರಡನೇ ರೊಟ್ಟಿಗೇ ಹೋತ್ರಿ ಅಮ್ಮಾರ. ಇದು ಬ್ಯಾರೆ. ಈ ಎಣ್ಣಿಗಾಯಿ ಬಿಟ್ಟು ಏಳಾಕ ಮನಸಾಗವಲ್ದು.”

ಶಂಕ್ರಮ್ಮ ಒಂದು ರೊಟ್ಟಿ ಹಾಕಿದರು, ಆಮೇಲೆ ಕೇಳದೆಯೇ ಇನ್ನೊಂದು ಹಾಕಿದರು.

ಆಗ ಹೊಸ್ತಿಲ ಆಚೆ ನೆರಳು ಬಿತ್ತು. ಬಾನುಬೀ. ಕಂಕುಳಲ್ಲಿ ಬಟ್ಟೆ ಕಟ್ಟಿದ ಭಾಂಡೆ, ಕೈಚೀಲದಲ್ಲಿ ಖುಷ್ಕಾದ ಡಬ್ಬಿ, ಚೊಂಗೆಯ ಡಬ್ಬಿ. ನಾಲ್ಕು ಓಣಿ ನಡೆದು ಬಂದದ್ದಕ್ಕೆ ಏದುಸಿರು.

“ಒಳಗ ಬರ್ಲೇನ್ರಿ?”

“ಖಾನಾವಳಿಗೆ ಬರಾಕ ಯಾರರ ಕೇಳ್ತಾರೇನ್ರಿ? ಬರ್ರಿ.”

“ಸೋರಿಕಾಯಿ ದಾಲ್ಚಾ ಐತ್ರಿ ಇದರಾಗ. ಭಾಂಡೆನೂ ಬ್ಯಾರೆ. ಮಾಂಸದ್ದಲ್ಲ.”

“ನಾ ಕೇಳಿದ್ನೇನು?” ಎಂದು ಶಂಕ್ರಮ್ಮ ಭಾಂಡೆ ಇಸಕೊಂಡರು.

ಬಾನುಬೀ ಜಾಕೀರನ ಕಡೆ ಬೆರಳು ತೋರಿಸಿದಳು. “ಮನಿಗೆ ಬಂದೋರು ಹಸದು ಹೋದ್ರ ನಾ ಮಧ್ಯಾನ್ಹ ಹೆಂಗ ಉಣ್ಣಲಿ? ಅದಕ್ಕ ತಂದೆ. ಮತ್ತ ಇವಗ ನನ್ನ ಮನಿ ಊಟಕಿಂತ ಹೆಚ್ಚಾಗಿದ್ದು ಏನೈತಿ ಇಲ್ಲಿ, ನೋಡಬೇಕಂತನೂ ಬಂದೆ.”

“ಹಂಗಾರ ಕುಂದರ್ರಿ. ನೋಡೇ ಹೋಗ್ರಿ.”

ಬಾನುಬೀ ಕೂತಳು. ಶಂಕ್ರಮ್ಮ ಬಡಿಸಿದರು. ಬಾನುಬೀ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಗುರೆಳ್ಳು, ಶೇಂಗಾ, ಹುಣಸೆ ಎಂದು ಒಂದೊಂದೇ ಎಣಿಸುವಂತೆ ನಿಧಾನವಾಗಿ ಅಗಿದಳು. ಹನ್ನೆರಡು ಜನವೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

“ಕಡೀಕ ಒಂದ್ ಚೂರು ಬೆಲ್ಲ ಹಾಕ್ತೀರಿ.”

“ಒಂದ ಚೂರು.”

“ಛಲೋ ಐತಿ,” ಎಂದಳು ಬಾನುಬೀ. ಆಮೇಲೆ ರೊಟ್ಟಿ ಪೂರಾ ಮುಗಿಸಿದಳು.

ಶಂಕ್ರಮ್ಮ ಡಬ್ಬಿಯಿಂದ ಒಂದು ಚೊಂಗೆ ತೆಗೆದು ಅದರ ಹೂವನ್ನು ಬೆಳಕಿಗೆ ಹಿಡಿದು ನೋಡಿದರು. “ಅಲಾಯಿ ಹಬ್ಬದಾಗ ನಮ್ಮವ್ವ ಹರಕಿ ಚೊಂಗೆ ಮಾಡ್ತಿದ್ಲು. ನಮಗ ಮಣಿ ಇದ್ದಿಲ್ಲ, ಬುಟ್ಟಿ ಮ್ಯಾಲ ಒತ್ತತಿದ್ಲು. ಹೂವು ಬರ್ತಿದ್ದಿಲ್ಲ, ಬರೇ ಗೆರಿ.” ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. “ಇಂಥಾದ್ದನ್ನ ನಾಕ ತುಂಡು ಮಾಡಿ ಕೊಟ್ರೇನ್ರಿ ಇವತ್ತು?”

“ಇವನೇ ಮಾಡಿಸಿದ.”

ಇಬ್ಬರೂ ಒಟ್ಟಿಗೆ ಜಾಕೀರನನ್ನು ನೋಡಿದರು. ಅವನು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು, “ತಪ್ಪು ನಂದ್ರಿ. ಮುಂದಿನ ವಾರದಿಂದ ಒಂದ ಕಡೆ ಬಿಡೋಣು. ಒಂದ ವಾರ ಇಲ್ಲಿ, ಒಂದ ವಾರ ಅಲ್ಲಿ…” ಎಂದ.

“ಯಾಕ ಬಿಡೂದು?” ಎಂದರು ಶಂಕ್ರಮ್ಮ. “ಹೊಟ್ಟಿ ತುಂಬಿದೋರಿಗೆ ನಮ್ಮಲ್ಲಿ ಏನ ಮಾಡ್ತಾರ? ಬುತ್ತಿ ಕಟ್ತಾರ. ಇಷ್ಟ ಓದಿ ಅಷ್ಟು ಹೊಳಿಲಿಲ್ಲೇನೋ ನಿನಗ?”

ಹೊಳೆದಿರಲಿಲ್ಲ. ಚೀಟಿ ಬರೆಯುವಾಗ ಎಲ್ಲಿಯೋ ಓದಿದ್ದ ‘ರುಚಿ ನೋಡುವುದು’ ಎಂಬ ಮಾತು ಮಾತ್ರ ಹೊಳೆದಿತ್ತು.

“ಇವರ ಮನ್ಯಾಗ ಒಂದು ಪೂರಾ ಚೊಂಗೆ, ಚಾ. ಉಳಿದದ್ದನ್ನ ಇವರು ಬುತ್ತಿ ಕಟ್ಟಲಿ. ಮಂದಿ ಇಲ್ಲಿ ಕುಂತು ಉಣ್ಣಲಿ. ಇಲ್ಲಿ ರೊಟ್ಟಿ ಉಳದ್ರ ಅದೂ ಬುತ್ತಿ. ಮುಚ್ಚಿಡೂದು ಬ್ಯಾಡ.”

“ಒಂದಲ್ಲ, ಎರಡು ಚೊಂಗೆ,” ಎಂದಳು ಬಾನುಬೀ.

“ಆತು, ಎರಡು.”

ಅಲ್ಲೇ ಹಳೆಯ ಪೇಪರು ಹರಡಿ ಇಬ್ಬರೂ ಚೊಂಗೆ ಕಟ್ಟತೊಡಗಿದರು. ಮಲ್ಲೇಶ್ವರಿ ದಾರ ಹಿಡಿದರು. ಪ್ರಭುರಾಜ ತನಗೆ ಎರಡು ಗಂಟು ಬೇಕೆಂದು ಹಟ ಹಿಡಿದು, ಬೈಸಿಕೊಂಡು, ಎರಡು ತಗೊಂಡ. ಜನ ಒಬ್ಬೊಬ್ಬರಾಗಿ ಗಂಟು ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಜಾಕೀರ ಎಲ್ಲರನ್ನೂ ಕಳಿಸಿ, ತಾಟುಗಳನ್ನು ಎತ್ತಲು ಬಗ್ಗಿದ.

“ನಿಂದು ಊಟ?” ಎಂದರು ಶಂಕ್ರಮ್ಮ.

“ಆಮ್ಯಾಲ ಉಣ್ತೀನ್ರಿ.”

“ಎಂಟು ವಾರದಾಗ ಇವ ನನ್ನ ಮನ್ಯಾಗೂ ಏನೂ ತಿಂದಿಲ್ರಿ,” ಎಂದಳು ಬಾನುಬೀ. “ಕೇಳಿದ್ರ ಗೈಡು ಉಣಬಾರದು ಅಂತಾನ.”

“ಯಾವ ಪುಸ್ತಕದಾಗ ಬರದೈತಿ ಅದು?”

ಜಾಕೀರನಿಗೆ ಗೊತ್ತಿರಲಿಲ್ಲ. ಅದು ಕೆಂಪು ಶಾಯಿಯಲ್ಲೂ ಇರಲಿಲ್ಲ.

ಸಂಜೆ ಕಾಲೇಜಿನ ದಿನಗಳಲ್ಲಿ ಕೂರುತ್ತಿದ್ದ ಗೋಡೆ ಪಕ್ಕದ ಜಾಗದಲ್ಲೇ ಅವನನ್ನು ಕೂರಿಸಿದರು. ಶಂಕ್ರಮ್ಮ ಬುಟ್ಟಿಯ ತಳಕ್ಕೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡು ರೊಟ್ಟಿ ತೆಗೆದರು. ಯಾವಾಗ ಎತ್ತಿಟ್ಟಿದ್ದರೋ. ತಾಟಿನ ಈ ಕಡೆ ಎಣ್ಣೆಗಾಯಿ ಬಿತ್ತು, ಆ ಕಡೆ ಬಾನುಬೀ ಖುಷ್ಕಾ ಗುಡ್ಡೆ ಮಾಡಿ ದಾಲ್ಚಾ ಸುರಿದಳು. ಅದು ರೊಟ್ಟಿಯವರೆಗೆ ಹರಿಯಿತು.

“ಇಷ್ಟು ಆಗೂದಿಲ್ಲ…” ಎಂದು ಶುರು ಮಾಡಿ ಜಾಕೀರ ತಲೆ ಎತ್ತಿದ. ಇಬ್ಬರೂ ಎದುರೇ ಕೂತಿದ್ದರು. ಒಬ್ಬರ ಕೈಯಲ್ಲಿ ಸೌಟು, ಒಬ್ಬರ ಕೈಯಲ್ಲಿ ರೊಟ್ಟಿ. ಮೊದಲ ತುತ್ತು ಯಾರದನ್ನು ಎತ್ತುತ್ತಾನೆ ಎಂದು ಕಾಯುತ್ತಿದ್ದರು.

ಅವನು ರೊಟ್ಟಿಯ ಒಂದು ಚೂರು ಮುರಿದು, ದಾಲ್ಚಾದಲ್ಲಿ ಅದ್ದಿ ಬಾಯಿಗಿಟ್ಟುಕೊಂಡ.