ಹಡಗಿನ ಹೊಟ್ಟೆಯೊಳಗಿನ ಬಾಗಿಲು

ಕಾಳಿಘಾಟ್ ಹತ್ತಿರದ ಆ ಬಾಡಿಗೆ ಮನೆಗೆ ವಸುಂಧರಾ ಧಾರವಾಡದಿಂದ ಮದುವೆಯಾಗಿ ಬಂದವರು. ಬಂಗಾಳಿಯನ್ನು ಬಹುಪಾಲು ಕಲಿತದ್ದು ಓಣಿಯ ಕ್ಲಬ್ಬಿನ ಕಾರ್ಯದರ್ಶಿ ಋಷಿಕೇಶ್‌ಬಾಬು ಜೊತೆ ಜಗಳವಾಡಿ; ಹಾಗಾಗಿ ಚೆನ್ನಾಗಿಯೇ ಕಲಿತಿದ್ದರು. ಜಗಳದ ವಿಷಯ ಪ್ರತಿವರ್ಷ ಅದೇ. ದುರ್ಗಾಪೂಜೆಗೆ ತಿಂಗಳಿರುವಾಗಲೇ ಕ್ಲಬ್ಬಿನವರು ಇವರ ಮುಂಬಾಗಿಲಿಗೆ ಅಡ್ಡ ಪೆಂಡಾಲ್ ಎಬ್ಬಿಸುತ್ತಿದ್ದರು. ಆಮೇಲೆ ದೇವಿ ನೀರಿಗಿಳಿಯುವವರೆಗೆ ಮನೆಮಂದಿಯ ಓಡಾಟವೆಲ್ಲ ಅಡುಗೆಮನೆ ಬಾಗಿಲಿನಿಂದ.

ಈ ಬೇಸಿಗೆಯಲ್ಲಿ ಮನೆ ಮಾಲೀಕನ ವಕೀಲರಿಂದ ಸುದ್ದಿ ಬಂತು: ಮನೆ ಖಾಲಿ ಮಾಡಿಸಲು ಕೋರ್ಟಿನಿಂದ ಏಕಪಕ್ಷೀಯ ಡಿಕ್ರಿ ಆಗಿದೆ. ದಾವೆ ಹೂಡಿದ್ದೇ ಇವರಿಗೆ ಗೊತ್ತಿರಲಿಲ್ಲ. ರೈಲ್ವೆಯಿಂದ ನಿವೃತ್ತರಾಗಿದ್ದ ಗಂಡ ಉಮಾಪತಿ ಕೋರ್ಟಿಗೆ ಹೋಗಿ ವಿಚಾರಿಸಿ ಬಂದರು. ಹೋದ ವರ್ಷ ಪೂಜೆಯ ಹಿಂದಿನ ವಾರ ಕೋರ್ಟಿನ ಅಮೀನ ಸಮನ್ಸ್ ತಂದನಂತೆ, ಮನೆಗೆ ಬೀಗ ಇತ್ತಂತೆ, ಮುಂಬಾಗಿಲಿಗೆ ಅಂಟಿಸಿ ಹೋದನಂತೆ.

"ಆವಾಗ ನಮಗ ಮುಂಬಾಗಿಲಾ ಎಲ್ಲಿತ್ರೀ?" ಎಂದರು ವಸುಂಧರಾ. "ಹಡಗಿನ ಹೊಟ್ಟ್ಯಾಗಿತ್ತಲ್ಲ."

ಹೋದ ವರ್ಷ ಕ್ಲಬ್ಬು ಖಿದಿರ್‌ಪುರದ ಬಂದರನ್ನು ನೆನೆದು ಹಡಗಿನಂಥ ಪೆಂಡಾಲ್ ಕಟ್ಟಿತ್ತು, ಬಹುಮಾನವೂ ಬಂದಿತ್ತು.

ಬೈಯುವುದಕ್ಕಲ್ಲದೆ ಬೇರೊಂದು ಕೆಲಸಕ್ಕೆ ವಸುಂಧರಾ ಕ್ಲಬ್ಬಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಋಷಿಕೇಶ್‌ಬಾಬು ಚಹಾ ತರಿಸಿದರು, ಪೂರ್ತಿ ಕೇಳಿಸಿಕೊಂಡರು. ಜಗಳದಲ್ಲೂ ಅವರನ್ನು ಬೌದಿ, ಅಂದರೆ ಅತ್ತಿಗೆ, ಎಂದೇ ಕರೆಯುವ ಮನುಷ್ಯ. ಹಾಗಾದರೆ ನಾವು ಬಾಗಿಲು ಮುಚ್ಚಿದ್ದು ಒಳ್ಳೆಯದೇ ಆಯಿತು ಅನ್ನಿ ಬೌದಿ, ಎಂದರು. ವಸುಂಧರಾ ಚಹಾ ಕುಡಿದರು. ಬಾಗಿಲು ಮುಚ್ಚಿದ್ದನ್ನು ಕೋರ್ಟಿಗೆ ಬಂದು ಹೇಳಿ ಎಂದರು.

ಡಿಕ್ರಿ ರದ್ದು ಮಾಡಬೇಕೆಂಬ ಅರ್ಜಿ ಮಳೆಗಾಲದಲ್ಲಿ ವಿಚಾರಣೆಗೆ ಬಂತು. ಬಾಗಿಲ ಮುಂದಿನ ಹಡಗನ್ನು ಹೇಗೆ ದಾಟಿದಿರಿ ಎಂದು ಇವರ ವಕೀಲರು ಅಮೀನನನ್ನು ಕೇಳಿದರು.

"ಯಾವ ಹಡಗು?" ಎಂದ ಅಮೀನ.

ಅರ್ಧ ಊರೇ ಸರತಿಯಲ್ಲಿ ನಿಂತು ನೋಡಿದ ಹಡಗು. ಗರಿಗರಿ ಪಂಜಾಬಿ ಜುಬ್ಬಾ ತೊಟ್ಟು ಸಾಕ್ಷಿ ಹೇಳಲು ಕಾದಿದ್ದ ಋಷಿಕೇಶ್‌ಬಾಬು ಅವರ ಮುಖ ನೋಡಬೇಕಿತ್ತು. ಮನೆ ಕಳೆದುಕೊಳ್ಳುವವರು ಅವರೇ ಅನ್ನಿಸುತ್ತಿತ್ತು. ಅವರ ಸರದಿ ಬಂದಾಗ ಮಾಲೀಕನ ವಕೀಲರು, ಪರದೆ ಸರಿಸಿ ಒಳಗೆ ಹೋಗಬಹುದಿತ್ತಲ್ಲವೇ ಎಂದು ಕೆಣಕಿದರು.

"ಪರದೆಯಲ್ಲ ಸ್ವಾಮಿ, ಪ್ಲೈವುಡ್ಡು. ನಮ್ಮ ಹಡಗಿನೊಳಗೆ ಇಲಿ ಕೂಡ ಸರತಿಯಲ್ಲೇ ಬರಬೇಕಿತ್ತು," ಎಂದು ಫೋಟೋ ಮುಂದಿಟ್ಟರು. ನ್ಯಾಯಾಧೀಶರು ಕಾನೂನಿಗೆ ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಅದನ್ನು ನೋಡಿದರು.

ಸಮನ್ಸ್ ಜಾರಿಯಾಗಿಲ್ಲವೆಂದು ಡಿಕ್ರಿ ರದ್ದಾಯಿತು. ಮನೆ ಉಳಿಯಿತು ಎಂದಲ್ಲ. ದಾವೆ ಮತ್ತೆ ಮೊದಲಿನಿಂದ, ಈ ಸಲ ಇವರ ಎದುರಿಗೇ ನಡೆಯುತ್ತದೆ. ವಸುಂಧರಾಗೆ ಅಷ್ಟು ಸಾಕಿತ್ತು. ಎದುರಿಗೆ ನಿಂತು ವಾದಿಸಿ ಅವರು ಸೋತದ್ದು ಕಡಿಮೆ.

ಕೋರ್ಟಿನ ಹೊರಗೆ ಋಷಿಕೇಶ್‌ಬಾಬು ಧಾರಾಳವಾದರು. ಈ ವರ್ಷ ಬಾಗಿಲಿಗೆ ದಾರಿ ಬಿಟ್ಟು ಕಟ್ಟುತ್ತೇವೆ, ಎಂದರು.

"ಬೇಡ," ಎಂದರು ವಸುಂಧರಾ, ಜಗಳಕ್ಕೆ ಮೀಸಲಿಟ್ಟ ಅದೇ ಗಟ್ಟಿ ಬಂಗಾಳಿಯಲ್ಲಿ. "ನಡುವೆ ಸಂದಿ ಬಿಟ್ಟರೆ ನಮ್ಮ ಪೆಂಡಾಲಿಗೆ ಬಹುಮಾನ ಯಾರು ಕೊಡುತ್ತಾರೆ?"

ಟ್ಯಾಕ್ಸಿ ಹತ್ತುವಾಗ ಉಮಾಪತಿ ಮೆಲ್ಲಗೆ ಕೇಳಿದರು: "ನಮ್ಮ ಪೆಂಡಾಲ್ ಅಂದ್ಯಾ?"

"ಸುಮ್ನ ಹತ್ರಿ," ಎಂದರು ವಸುಂಧರಾ.