ಬುಡನ್‌ಸಾಬರ ಲಾರಿ ಎರಡು ಸಲ ಪಾಸಾದ ಕಥೆ

ಲಾರಿ ಇಟ್ಟುಕೊಂಡ ಅಣ್ಣಂದಿರೇ, ಓಡಿಸುವ ತಮ್ಮಂದಿರೇ, ಅವರು ಮನೆಗೆ ಬರುವವರೆಗೆ ಕಾಯುವ ಅಕ್ಕತಂಗಿಯರೇ, ಈ ಕಥೆ ನಿಮಗಾಗಿ. ಎಫ್‌ಸಿ ತಾರೀಖು ಹತ್ತಿರ ಬಂತೆಂದರೆ ಹಳೆಯ ಲಾರಿಯ ಮನೆಯಲ್ಲಿ ಯಾರಿಗೂ ಅನ್ನ ಸರಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ. ನ್ಯಾಮತಿಯ ಬುಡನ್‌ಸಾಬರ ಮನೆಯಲ್ಲೂ ಕಳೆದ ಸುಗ್ಗಿಯಲ್ಲಿ ಹಾಗೇ ಆಗಿತ್ತು.

ಅವರದು ಹದಿನಾರು ವರ್ಷದ ಲಾರಿ. ಅದರ ಎಫ್‌ಸಿ, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವಾಗಿದೆ ಎನ್ನುವ ಕಾಗದ, ಬುಧವಾರಕ್ಕೆ ಮುಗಿಯುತ್ತಿತ್ತು. ದಾವಣಗೆರೆಯಲ್ಲಿ ತಪಾಸಣೆಗೆ ಸೋಮವಾರದ ಸ್ಲಾಟು ಹೇಗೋ ಸಿಕ್ಕಿತ್ತು. ಅಲ್ಲಿಗೆ ಹೋಗುವ ಮೊದಲು ಹೊಗೆ ಪರೀಕ್ಷೆ ಪಾಸಾಗಿರಬೇಕು. ಹೊಗೆ ಕಾಗದ ಇಲ್ಲದಿದ್ದರೆ ಎಫ್‌ಸಿ ಇಲ್ಲ, ಎಫ್‌ಸಿ ಇಲ್ಲದಿದ್ದರೆ ಲೋಡು ಇಲ್ಲ. ಐದು ಜನರ ಆ ಮನೆಗೆ ಲಾರಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಗುರುವಾರ ಬೆಳಿಗ್ಗೆ ಬುಡನ್‌ಸಾಬರು ಲಾರಿಯನ್ನು ವಾಣಿಶ್ರೀಯ ಹೊಗೆ ಪರೀಕ್ಷೆಯ ವ್ಯಾನಿನ ಪಕ್ಕ ತಂದು ನಿಲ್ಲಿಸಿದರು. ವಾಣಿಶ್ರೀ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತವಳು. ಹುಡುಗಿಗೆ ಇಂಜಿನ್ ಏನು ಗೊತ್ತು ಎಂದು ನಕ್ಕವರೆಲ್ಲ ಈಗ ಗಾಡಿ ಕೆಮ್ಮಿದರೆ ಮೊದಲು ಅವಳನ್ನೇ ಕೇಳುತ್ತಾರೆ. ಅವಳು ಸೈಲೆನ್ಸರಿಗೆ ನಳಿಗೆ ಸಿಕ್ಕಿಸಿ, "ಆಕ್ಸಿಲರೇಟರ್ ಒತ್ರಿ" ಎಂದಳು. ಕರಿ ಹೊಗೆ ವ್ಯಾನನ್ನೇ ಮುಚ್ಚಿತು.

"ಹೊಗೆ ಅಂಕಿ ಎಂಬತ್ತೆರಡು ಬಂತು, ಸಾಬ್ರೇ. ಇಷ್ಟು ಹಳೇ ಗಾಡಿಗೆ ಅರವತ್ತೈದರ ಒಳಗಿರಬೇಕು. ಫೇಲು."

ಬುಡನ್‌ಸಾಬರು ಕ್ಯಾಬಿನ್ನಿನಿಂದ ಧುಮುಕಿದರು. "ಫೇಲು! ಎಷ್ಟು ಸಲೀಸಾಗಿ ಅಂದುಬಿಟ್ಟೆಯಮ್ಮ! ಆರು ತಿಂಗಳಿಗೊಮ್ಮೆ ಹೊಗೆ, ವರ್ಷಕ್ಕೊಮ್ಮೆ ಎಫ್‌ಸಿ. ನಂಬರ್ ಪ್ಲೇಟು ಹೊಸದಾಗಬೇಕು, ರೇಡಿಯಂ ಪಟ್ಟಿ ಅವರು ಹೇಳಿದ್ದೇ ಇರಬೇಕು, ಸ್ಪೀಡ್ ಗವರ್ನರ್ ಇರಬೇಕು. ಎಲ್ಲಾ ಮಾಡಿಸಿ ಕೂತರೆ ಮೊಬೈಲಿಗೆ ಓಟಿಪಿ ಬರಲ್ಲ! ಹಳೇ ಗಾಡಿ ಇಟ್ಟೋನು ಕಳ್ಳ ಏನು?"

"ಸಿಟ್ಟು ಬರೋದು ನ್ಯಾಯನೇ" ಎಂದಳು ವಾಣಿಶ್ರೀ. "ಸರ್ವರ್ ಕೈಕೊಟ್ಟ ದಿನ ನಾನೂ ಬೈಸ್ಕೊಂಡೇ ಮನೆಗೆ ಹೋಗೋದು. ಅದೆಲ್ಲಾ ನಿಜ. ಆದ್ರೆ ಈ ಹೊಗೆ ಸರ್ಕಾರದ್ದಲ್ಲ, ನಿಮ್ಮ ಇಂಜಿನ್ನಿಂದು."

ಅಲ್ಲೇ ನಿಂತಿದ್ದ ಜಂಪಣ್ಣನ ಹೆಗಲಿನಿಂದ ಅವಳು ಬಿಳಿ ಟವೆಲ್ ಎಳೆದುಕೊಂಡಳು. ಜಂಪಣ್ಣ ಸವಳಂಗದ ಹಮಾಲಿ, ಇಪ್ಪತ್ತು ವರ್ಷದಿಂದ ಬುಡನ್‌ಸಾಬರ ಜೊತೆ ಲೋಡು ಏರಿಸಿ ಇಳಿಸುವವನು. ಲೋಡು ತುಂಬಿದ ಮೇಲೆ ಅದರ ತುದಿಯಲ್ಲೇ ಮಲಗಿ ಬರುವುದು ಅವನ ಅಭ್ಯಾಸ. ವಾಣಿಶ್ರೀ ಟವೆಲ್ಲನ್ನು ಸೈಲೆನ್ಸರಿನ ಮುಂದೆ ಹಿಡಿದು ಇಂಜಿನ್ ರೈಸ್ ಮಾಡಿಸಿ ಹತ್ತು ಎಣಿಸಿದಳು. ಟವೆಲ್ಲಿನ ನಡುವೆ ರೊಟ್ಟಿಯಗಲ ಕಪ್ಪು ಕೂತಿತು.

"ಅಯ್ಯೋ ತಾಯಿ, ಮೊನ್ನೆ ತಂದಿದ್ದು ಅದು!" ಎಂದ ಜಂಪಣ್ಣ.

"ಮುಟ್ಟಿ ನೋಡ್ರಿ ಇಬ್ಬರೂ. ಇದು ಸರಿಯಾಗಿ ಸುಡದೇ ಉಳಿದ ಡೀಸೆಲ್ಲು. ಹಿಂಗೆ ಮಸಿಯಾಗಿ ಪೈಪಿನೊಳಗೆ ಕೂರತೈತೆ. ಲೋಡ್ ಎಳೆದು ಇಂಜಿನ್ ಕಾದಾಗ ಅದೇ ಮಸಿ ಕೆಂಡ ಆಗಿ ಹಾರತೈತೆ. ನಿಮ್ಮ ಸೈಲೆನ್ಸರ್ ಬೇರೆ ತೂತು ಬಿದ್ದೈತೆ. ನೀವು ಹೇರೋದು ಹುಲ್ಲು. ಏರ್ ಫಿಲ್ಟರ್ ಬದಲಿಸ್ರಿ, ಡೀಸೆಲ್ ಚಿಮ್ಮೋ ನಾಜಲ್ ತೋರಿಸ್ರಿ, ಡೀಸೆಲ್ ಪಂಪು ಬಿಚ್ಚಿ ಸರಿಯಾಗಿ ಸೆಟ್ ಮಾಡ್ಸಿ ಸೀಲ್ ಹಾಕ್ಸಿರಿ. ಎರಡು ದಿನದ ಕೆಲಸ."

"ಎರಡು ದಿನ ಎಲ್ಲಿಂದ ತರಲಿ? ಶನಿವಾರ ಸಾಸ್ವೆಹಳ್ಳಿಯಿಂದ ಜಗಳೂರಿಗೆ ಭತ್ತದ ಹುಲ್ಲು ಹೋಗಬೇಕು. ಅಲ್ಲಿ ಹುಲ್ಲು ತರಿಸೋ ಬಸವರಾಜಪ್ಪನ ದನ ಬಾಯಿ ತೆರಕೊಂಡು ನಿಂತಾವೆ. ಹದಿನೈದು ವರ್ಷ ದಾಟಿದ ಗಾಡಿನೆಲ್ಲಾ ಗುಜರಿಗೆ ಹಾಕಿಸ್ತಾರಂತೆ, ಅದಕ್ಕೇ ಈ ಕಾಟ!"

"ಯಾರೋ ಹೇಳಿದ್ದು ಕೇಳಬ್ಯಾಡ್ರಿ. ಫಿಟ್‌ನೆಸ್ ಪಾಸಾದರೆ ನಮ್ಮ ಕಡೆ ಹಳೇ ಗಾಡಿನೂ ಓಡಿಸಬಹುದು. ಪಾಸಾಗೋ ಹಂಗೆ ಇಟ್ಕೋಬೇಕು ಅಷ್ಟೇ."

ಬುಡನ್‌ಸಾಬರು ಗಾಡಿ ಹತ್ತಿದರು. ಒಳ್ಳೆಯ ಮಾತು ಅವಸರದವನ ಕಿವಿಗೆ ಯಾವಾಗ ಬಿದ್ದೀತು?

ಮನೆಯಲ್ಲಿ ಹೆಂಡತಿ ಅಮೀರುನ್ನೀಸಾ ಎಲ್ಲ ಕೇಳಿಸಿಕೊಂಡರು. "ಆ ಹುಡುಗಿ ಹೇಳಿದ್ದು ಮಾಡ್ಸಿರಿ. ಶನಿವಾರದ ಲೋಡು ಬೇರೆಯವರು ಒಯ್ಯಲಿ."

"ಒಂದು ಸಲ ಬೇರೆಯವರು ಒಯ್ದರೆ ಆಮೇಲೆ ಅದು ಅವರದ್ದೇ. ನಿನಗೆ ಈ ಲೈನು ಗೊತ್ತಾಗಲ್ಲ, ಸುಮ್ಮನಿರು."

ಈ 'ಸುಮ್ಮನಿರು' ಎಂಬ ಮಾತಿನಿಂದ ನಮ್ಮ ಕಡೆ ಎಷ್ಟು ಮನೆ ಹಾಳಾಗಿದೆಯೋ ಲೆಕ್ಕವಿಲ್ಲ. ಅಮೀರುನ್ನೀಸಾ ಸುಮ್ಮನಾದರು. ಬುಡನ್‌ಸಾಬರು ಅದೇ ಸಂಜೆ ಪರಿಚಯದ ಮೇಸ್ತ್ರಿಯೊಬ್ಬನ ಬಳಿ ಹೋದರು. ಆ ಮೇಸ್ತ್ರಿಗೆ ಒಂದೇ ಮದ್ದು ಗೊತ್ತಿತ್ತು. ಪಂಪಿನ ಸೀಲ್ ತಂತಿ ಕತ್ತರಿಸಿ, ಡೀಸೆಲ್ ಬಿಡುವ ಸ್ಕ್ರೂವನ್ನು ಬಿಗಿ ಮಾಡಿಕೊಟ್ಟ. ಡೀಸೆಲ್ ಕಡಿಮೆ ಹೋದರೆ ಹೊಗೆಯೂ ಕಡಿಮೆ, ಎಳೆಯುವ ಶಕ್ತಿಯೂ ಕಡಿಮೆ. ಪರೀಕ್ಷೆ ಮುಗಿದ ಮೇಲೆ ಮತ್ತೆ ಸಡಿಲ ಮಾಡಿಕೊಳ್ಳಿ ಎಂದು ಕಣ್ಣು ಹೊಡೆದ. ಈ ಸ್ಕ್ರೂ ಆಟ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ, ಓದುತ್ತಾ ನೀವೂ ಒಳಗೊಳಗೇ ನಗುತ್ತಿರಬಹುದು.

ಶುಕ್ರವಾರ ಯಂತ್ರ ಐವತ್ತೆಂಟು ತೋರಿಸಿತು. ವಾಣಿಶ್ರೀ ಬಾನೆಟ್ಟಿನೊಳಗೆ ಬಗ್ಗಿ ನೋಡಿದಳು. ತಂತಿಯ ಕತ್ತರಿಸಿದ ತುದಿ ಹೊಳೆಯುತ್ತಿತ್ತು.

"ಮಷಿನ್ ಪಾಸ್ ಅಂದೈತೆ, ನಾನು ಇಲ್ಲ ಅನ್ನಾಕೆ ಬರಲ್ಲ" ಎಂದು ಕಾಗದ ಕೊಟ್ಟಳು. "ಆದ್ರೆ ಸಾಬ್ರೇ, ಕೆಮ್ಮೋನ ಬಾಯಿ ಮುಚ್ಚಿದರೆ ಕೆಮ್ಮು ವಾಸಿ ಆಗಲ್ಲ. ಆ ಸ್ಕ್ರೂ ಮಾತ್ರ ಮತ್ತೆ ಬಿಚ್ಚಬ್ಯಾಡ್ರಿ. ಹುಲ್ಲಿನ ಲೋಡಂತೂ ಮೊದಲೇ ಬ್ಯಾಡ."

ಶನಿವಾರ ಸಾಸ್ವೆಹಳ್ಳಿಯ ಗದ್ದೆ ಬಯಲಿನಲ್ಲಿ ಹುಲ್ಲು ಏರಿತು. ಲಾರಿಯ ಎರಡು ಮಗ್ಗುಲಿಗೂ ಹುಲ್ಲು ಜೋತಾಡುತ್ತಿತ್ತು. ಹಗ್ಗ ಬಿಗಿದ ಜಂಪಣ್ಣ ಮೇಲೆ ಹತ್ತುವ ಮೊದಲು ಒಂದು ಕ್ಷಣ ನಿಂತ.

"ಸಾಬಣ್ಣ, ಮಸಿ ಕೆಂಡ ಆಗತೈತೆ ಅಂದ್ಲಲ್ಲ ಆ ಹುಡುಗಿ?"

ಬುಡನ್‌ಸಾಬರು ಅಂಗಿಯ ಜೇಬಿನಿಂದ ಕಾಗದ ತೆಗೆದು ತೋರಿಸಿದರು. "ನೋಡೋ, ಪಾಸಾಗೈತೆ. ಹತ್ತು."

ಜಂಪಣ್ಣನಿಗೆ ಓದು ಬಾರದು. ಕಾಗದದ ಮೇಲಿನ ಲಾರಿಯ ಫೋಟೋ ಗುರುತಿಸಿದ, ಸಾಬಣ್ಣನ ಮುಖ ನೋಡಿದ, ಹತ್ತಿದ.

ಚನ್ನಗಿರಿಯ ಕಡೆ ಮೊದಲ ಏರಿನಲ್ಲೇ ಲಾರಿ ನರಳಿತು. ಎರಡನೇ ಏರಿನಲ್ಲಿ ಮೊದಲ ಗೇರಿಗೂ ಮೇಲೇಳಲಿಲ್ಲ. ಹಿಂದೆ ಬಸ್ಸು, ಟ್ರ್ಯಾಕ್ಟರು, ಬೈಕುಗಳ ಸಾಲು ಹಾರ್ನ್ ಬಾರಿಸುತ್ತಿತ್ತು.  ಬುಡನ್‌ಸಾಬರು ಲಾರಿಯನ್ನು ಪಕ್ಕಕ್ಕೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿದರು. ಸೋಮವಾರ ಬೆಳಿಗ್ಗೆ ಮತ್ತೆ ಬಿಗಿ ಮಾಡಿದರಾಯಿತು ಎಂದುಕೊಂಡು ಸ್ಕ್ರೂ ಬಿಚ್ಚಿದರು. ಲೋಡು ಭಾರವಿದೆ ಎಂದು ಮೊದಲಿದ್ದುದಕ್ಕಿಂತ ಅರ್ಧ ಸುತ್ತು ಹೆಚ್ಚೇ ಬಿಚ್ಚಿದರು.

ಲಾರಿ ಗುಡುಗಿ ಏರು ಹತ್ತಿತು. ಹಿಂದಿನ ರಸ್ತೆ ಹೊಗೆಯಲ್ಲಿ ಕಾಣದಾಯಿತು. ಮೇಲಿನಿಂದ ಜಂಪಣ್ಣ ಕೆಮ್ಮಿದ್ದು ಕೇಳಿಸಿತು. ಆಮೇಲೆ ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನಿದ್ದೆಹೋದ.

ಚನ್ನಗಿರಿ ದಾಟಿ ಕೆಲವು ಮೈಲಿಯಾಗಿತ್ತು. ಒಂದು ಬೈಕು ಪಕ್ಕಕ್ಕೆ ನುಗ್ಗಿ ಬಂತು. ಹಿಂದೆ ಕೂತ ಹೆಂಗಸು ಸೆರಗು ಬೀಸುತ್ತಾ ಕೂಗುತ್ತಿದ್ದಳು. ಇಂಜಿನ್ ಸದ್ದಿನಲ್ಲಿ ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಂದೇ ಶಬ್ದ ಕೇಳಿತು.

"ಬೆಂಕಿ! ಬೆಂಕಿ!"

ಬುಡನ್‌ಸಾಬರು ಬಲಗಡೆಯ ಕನ್ನಡಿ ನೋಡಿದರು. ಸೈಲೆನ್ಸರಿನ ಮೇಲೆ ಜೋತಾಡುತ್ತಿದ್ದ ಹುಲ್ಲು ಉರಿಯುತ್ತಿತ್ತು. ಬ್ರೇಕ್ ಒತ್ತಿದರು. ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಆದರೆ ವರ್ಷಗಟ್ಟಲೆ ಅದೇ ಹಾರ್ನ್ ಕೇಳುತ್ತಾ ಮಲಗಿದವನಿಗೆ ಅದರಿಂದ ಎಚ್ಚರವಾಗುತ್ತದೆಯೇ? ಅವರು ಇಳಿದು ರಸ್ತೆಯ ಕಲ್ಲು ಆರಿಸಿ ಹುಲ್ಲಿನ ತುದಿಗೆ ಎಸೆದರು.

"ಜಂಪಾ! ಏಳೋ! ಎಡಗಡೆ ಇಳಿಯೋ!"

ಮೂರನೆಯ ಕಲ್ಲಿಗೆ ಜಂಪಣ್ಣ ಎದ್ದ. ಬಲಗಡೆ ಬೆಂಕಿ ಅವನ ಎತ್ತರಕ್ಕೆ ಬಂದಿತ್ತು. ಅವನು ಎಡಗಡೆಯ ಹಗ್ಗ ಹಿಡಿದು ಜಾರಿದ. ಅರ್ಧಕ್ಕೆ ಬಂದಾಗ ಹಗ್ಗ ಮೇಲಿನಿಂದ ಸುಟ್ಟು ತುಂಡಾಯಿತು. ಜಂಪಣ್ಣ ರಸ್ತೆಗೆ ಬಿದ್ದ. ಅವನ ಪಾದ ತಿರುಚಿಕೊಂಡ ರೀತಿ ನೋಡಿ ಆ ಹೆಂಗಸು ಮುಖ ತಿರುಗಿಸಿದಳು. ಬೈಕಿನವನು ಅವನನ್ನು ತೋಳು ಹಿಡಿದು ದೂರ ಎಳೆದ.

ಅಷ್ಟು ಹೊತ್ತಿಗೆ ಬುಡನ್‌ಸಾಬರು ಮತ್ತೆ ಕ್ಯಾಬಿನ್ ಹತ್ತಿಬಿಟ್ಟಿದ್ದರು. ಇನ್ನೂರು ಗಜದಾಚೆ ಕೆರೆ, ಕೆರೆಗೆ ಇಳಿಯುವ ದನದ ದಾರಿ. ಉರಿಯುವ ಲಾರಿಯನ್ನು ಅವರು ಆ ದಾರಿಯಲ್ಲಿ ನೀರಿಗೆ ಇಳಿಸಿದರು. ದಯವಿಟ್ಟು ಇದನ್ನು ಸಾಹಸ ಎನ್ನಬೇಡಿ, ಯಾರೂ ಹಾಗೆ ಮಾಡಲೂ ಬೇಡಿ. ಗಾಡಿ ನಿಲ್ಲಿಸಿ, ದೂರ ಓಡಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವುದೇ ಸರಿ. ಬುಡನ್‌ಸಾಬರು ಬದುಕಿ ಉಳಿದದ್ದು ಅದೃಷ್ಟ. ಬಟ್ಟೆ ಒಗೆಯುತ್ತಿದ್ದವರು, ದನದ ಮೈ ತೊಳೆಯುತ್ತಿದ್ದವರು ಕೊಡ, ಬಕೆಟ್ಟು, ತಪ್ಪಲೆ, ಕೈಗೆ ಸಿಕ್ಕಿದ್ದರಲ್ಲಿ ನೀರು ಎರಚಿದರು. ಹುಲ್ಲೆಲ್ಲ ಹೋಯಿತು. ಹಿಂದಿನ ಹಲಗೆಗಳು ಇದ್ದಿಲಾದವು. ಕ್ಯಾಬಿನ್ನು, ಇಂಜಿನ್ನು ಉಳಿದವು.

ಬುಡನ್‌ಸಾಬರು ನೀರಿನಿಂದ ಎದ್ದು ಬಂದು ಜಂಪಣ್ಣನ ಪಕ್ಕ ಕುಸಿದರು. ಜಂಪಣ್ಣ ಬೈಯಲಿಲ್ಲ. ಹಲ್ಲು ಕಚ್ಚಿ ನೋವು ತಡೆದುಕೊಂಡು ಒಂದೇ ಮಾತು ಕೇಳಿದ.

"ಪಾಸಾಗೈತೆ ಅಂದಿದ್ಯಲ್ಲೋ, ಸಾಬಣ್ಣ?"

ಆ ಕಾಗದ ಇನ್ನೂ ಜೇಬಿನಲ್ಲೇ ಇತ್ತು. ನೆನೆದಿತ್ತು, ಆದರೂ ಐವತ್ತೆಂಟು ಎಂಬ ಅಂಕಿ ಚೆನ್ನಾಗಿ ಕಾಣುತ್ತಿತ್ತು. ಬುಡನ್‌ಸಾಬರು ಐವತ್ತು ದಾಟಿದ ಗಂಡಸು. ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತರು.

ಸೋಮವಾರದ ಸ್ಲಾಟು ಹೋಯಿತು. ಬುಧವಾರ ಎಫ್‌ಸಿ ಮುಗಿಯಿತು. ಎರಡು ದಿನ ಉಳಿಸಲು ಹೋಗಿ ಲಾರಿ ಒಂದೂವರೆ ತಿಂಗಳು ಮನೆಯ ಮುಂದೆ ನಿಂತಿತು. ಅಮೀರುನ್ನೀಸಾರಿಗೆ ಸುಮ್ಮನಿರು ಎನ್ನುವ ಧೈರ್ಯ ಈ ಸಲ ಯಾರಿಗೂ ಬರಲಿಲ್ಲ. ವಾಣಿಶ್ರೀ ಹೇಳಿದ ಪ್ರತಿಯೊಂದನ್ನೂ ಅವರೇ ಹತ್ತಿರ ನಿಂತು ಮಾಡಿಸಿದರು. ಫಿಲ್ಟರ್ ಹೊಸದಾಯಿತು, ನಾಜಲ್ ಬದಲಾಯಿತು, ಸೈಲೆನ್ಸರ್ ಬದಲಾಯಿತು, ಪಂಪು ಸರಿಯಾದ ಕಡೆ ಸೆಟ್ಟಾಗಿ ಸೀಲು ಹಾಕಿಸಿಕೊಂಡು ಬಂತು. ಹಲಗೆ ಹೊಸದಾಗಿ ಕಟ್ಟಿಸಿದರು. ಮೊಬೈಲಿಗೆ ಓಟಿಪಿ ಆಗಲೂ ತಡವಾಗಿಯೇ ಬಂತು. ಬುಡನ್‌ಸಾಬರು ಆಗಲೂ ಬೈದರು. ಬೈಯಲಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ.

"ಮೂವತ್ತೊಂಬತ್ತು" ಎಂದಳು ವಾಣಿಶ್ರೀ. "ಈಗ ಪಾಸು."

ಎಫ್‌ಸಿಯೂ ಆಯಿತು. ಹೊಸ ಲೋಡು ಹೊರಡುವ ದಿನ ಜಂಪಣ್ಣ ಕುಂಟುತ್ತಾ ಮನೆಯ ಹತ್ತಿರ ಬಂದ. ಬುಡನ್‌ಸಾಬರು ಕಾಗದ ತೋರಿಸಲು ಜೇಬಿಗೆ ಕೈ ಹಾಕಿದರು.

"ಅದು ಬ್ಯಾಡ. ಗಾಡಿ ಚಾಲೂ ಮಾಡು."

ಅವನು ಹೆಗಲಿನ ಬಿಳಿ ಟವೆಲ್ ತೆಗೆದು ಸೈಲೆನ್ಸರಿನ ಮುಂದೆ ಹಿಡಿದ. ಬಾಯಿಬಿಟ್ಟು ಹತ್ತು ಎಣಿಸಿದ. ಅಮೀರುನ್ನೀಸಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಜಂಪಣ್ಣ ಟವೆಲ್ಲನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿ, ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಹತ್ತಿದ. ಲೋಡಿನ ಮೇಲಕ್ಕಲ್ಲ, ಕ್ಯಾಬಿನ್ನಿಗೆ.

ಬಂಧುಗಳೇ, ನಿಯಮ ಬಿಗಿಯಾಗಿದೆ, ಓಡಾಟ ಹೆಚ್ಚು, ನಿಮ್ಮ ಸಿಟ್ಟು ಸುಳ್ಳಲ್ಲ. ಕಷ್ಟವಿದ್ದರೆ ಸಂಘ ಕಟ್ಟಿ ಕೇಳಿ, ಅರ್ಜಿ ಕೊಡಿ, ಜಗಳವನ್ನೇ ಆಡಿ. ಆದರೆ ಪಂಪಿನ ಸ್ಕ್ರೂ ಮುಟ್ಟಬೇಡಿ. ತಾರೀಖಿಗೆ ಒಂದು ತಿಂಗಳು ಮೊದಲೇ ಹೊಗೆ ನೋಡಿಸಿ, ಆಗ ರಿಪೇರಿಗೆ ಸಮಯ ಸಿಗುತ್ತದೆ. ತೂತು ಸೈಲೆನ್ಸರಿನ ಗಾಡಿಗೆ ಹುಲ್ಲು ಹೇರಬೇಡಿ. ಲೋಡಿನ ಮೇಲೆ ಯಾರನ್ನೂ ಕೂರಿಸಬೇಡಿ. ಯಂತ್ರ ಆರು ತಿಂಗಳಿಗೊಮ್ಮೆ ಕೇಳುತ್ತದೆ, ಅದಕ್ಕೆ ಹೇಗೋ ಉತ್ತರ ಕೊಟ್ಟೀರಿ. ನಿಮ್ಮನ್ನು ನಂಬಿ ಲಾರಿ ಹತ್ತಿದವನು ನಾಳೆ ರಸ್ತೆಯಲ್ಲಿ ಬಿದ್ದು, "ಪಾಸಾಗೈತೆ ಅಂದಿದ್ಯಲ್ಲೋ?" ಎಂದರೆ ಏನು ಹೇಳುತ್ತೀರಿ?